ಜಾಲವಿಳಾಸಗಳ ರಚನಾವಿಧಿ

ಅಂತರ್ಜಾಲದ ಗ್ರಂಥಸೂಚಿಯೊಂದರಲ್ಲಿ ನಾವು ಪುಸ್ತಕದ ಹೆಸರನ್ನು ಬರೆದು ಹುಡುಕಿದೊಡನೆ, ಆ ಹೆಸರನ್ನೂ ಪುಟದ ಸಂಖ್ಯೆಯನ್ನೂ ತನ್ನೊಳಗೆ ಅಡಗಿಸಿಕೊಂಡ ನೀಳವಾದ ವಿಳಾಸವೊಂದು ಕ್ಷಣಾರ್ಧದಲ್ಲಿ ಸಿದ್ಧವಾಗಿ ದೂರದ ಸರ್ವರಿಗೆ ಹೊರಡುತ್ತದೆ. ಆ ವಿಳಾಸದ ರಚನೆಯು ಮೇಲ್ನೋಟಕ್ಕೆ ಬರಿಯ ಅಕ್ಷರಜೋಡಣೆಯಾಗಿ ತೋರಿದರೂ, ಅದಕ್ಕೆ ತನ್ನದೇ ಆದ ವ್ಯಾಕರಣವುಂಟು. ಆ ವ್ಯಾಕರಣವನ್ನು ಬಲ್ಲ ತಂತ್ರಾಂಶದ ಲೈಬ್ರರಿಗೆ ವಿಳಾಸ ಕಟ್ಟುವ ಕಾರ್ಯವನ್ನು ಒಪ್ಪಿಸುವುದೇ ವಿವೇಕವೆಂದು ನಾನು ದೃಢವಾಗಿ ನಂಬಿದ್ದೇನೆ.

ಪ್ರೋಗ್ರಾಮರು ಪಠ್ಯದ ತುಂಡುಗಳನ್ನು ತಾವೇ ಅಂಟಿಸಿ ವಿಳಾಸವನ್ನು ಕಟ್ಟಹೊರಟಾಗ ಒದಗುವ ಅನರ್ಥಕ್ಕೆ ಒಂದೇ ನಿದರ್ಶನ ಸಾಕು. ಓದುಗನೊಬ್ಬನು ‘ಬೇವು&ಬೆಲ್ಲ’ ಎಂದು ಬರೆದನೆನ್ನೋಣ; ನಡುವಣ ಚಿಹ್ನೆಯು ವಿಳಾಸದಲ್ಲಿ ಒಂದು ಅಂಶವನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತಾದುದರಿಂದ, ಸರ್ವರು ಬೇವನ್ನು ಮಾತ್ರ ಹುಡುಕಿ, ಬೆಲ್ಲವನ್ನು ಬೇರೊಂದು ಅಂಶದ ಹೆಸರೆಂದು ಗ್ರಹಿಸುತ್ತದೆ. 2005ರ ಆರ್‌ಎಫ್‌ಸಿ 3986 ಎಂಬ ನಿಯಮಾವಳಿಯಂತೆ, ಇಂತಹ ಚಿಹ್ನೆಯು ಮಾಹಿತಿಯ ಭಾಗವಾಗಿ ಬಂದಾಗ ಅದರ ಬೈಟನ್ನು ಶೇಕಡಾ ಚಿಹ್ನೆಯಿಂದಲೂ ಎರಡು ಅಂಕಿಗಳಿಂದಲೂ ಸೂಚಿಸತಕ್ಕದ್ದು. ನಮ್ಮ ಲಿಪಿಯ ಪ್ರತಿಯೊಂದು ಸಂಕೇತವೂ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟುಗಳಾಗಿ, ವಿಳಾಸದಲ್ಲಿ 9 ಚಿಹ್ನೆಗಳಾಗಿ ಬೆಳೆಯುತ್ತದೆ. ಯೂನಿಕೋಡಿನ ಲೆಕ್ಕದಲ್ಲಿ 5 ಸಂಕೇತಗಳುಳ್ಳ ‘ಕನ್ನಡ’ವೆಂಬ ಪದವು ಅಲ್ಲಿ 45 ಚಿಹ್ನೆಗಳನ್ನು ಆಕ್ರಮಿಸುತ್ತದೆ. ಇದನ್ನು ಕೈಯಿಂದ ತಪ್ಪಿಲ್ಲದೆ ಸಾಧಿಸುವುದು ದುಸ್ಸಾಧ್ಯ.

ಈ ತೊಡಕಿಗೆ ಪರಿಹಾರವಾಗಿ 2012ರ ಮಾರ್ಚಿನಲ್ಲಿ, ಜೋ ಗ್ರೆಗೋರಿಯೊ, ರಾಯ್ ಫೀಲ್ಡಿಂಗ್ ಮೊದಲಾದ ಐವರು ರಚಿಸಿದ ಆರ್‌ಎಫ್‌ಸಿ 6570 ಪ್ರಕಟವಾಯಿತು. ಖಾಲಿ ಸ್ಥಳಗಳನ್ನು ಬಿಟ್ಟು ಅಚ್ಚುಮಾಡಿದ ಅರ್ಜಿಯ ನಮೂನೆಯಂತೆ, ಇಲ್ಲಿ ವಿಳಾಸದ ಸ್ಥಿರಭಾಗವನ್ನು ಹಾಗೆಯೇ ಬರೆದು, ಬದಲಾಗುವ ಭಾಗದ ಹೆಸರನ್ನು ಪುಷ್ಪಾವರಣದೊಳಗೆ ಇರಿಸುತ್ತಾರೆ. ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆಯಿದ್ದರೆ ಅದು ಹುಡುಕಾಟದ ಅಂಶವಾಗಿಯೂ, ಓರೆಗೆರೆಯಿದ್ದರೆ ಮಾರ್ಗದ ಒಂದು ಘಟ್ಟವಾಗಿಯೂ ವಿಸ್ತಾರಗೊಳ್ಳುತ್ತದೆ. ಬೆಲೆಯೇ ಇಲ್ಲದ ಅಂಶವು ಹೆಸರುಸಹಿತ ಲೋಪವಾಗುತ್ತದೆ. ಬೆಲೆಯು ಶೂನ್ಯಪಠ್ಯವಾಗಿದ್ದರೆ ಹುಡುಕಾಟದ ಭಾಗದಲ್ಲಿ ಹೆಸರು ಉಳಿಯುತ್ತದೆ. ಅಭಾವಕ್ಕೂ ಶೂನ್ಯಕ್ಕೂ ಇರುವ ಈ ಸೂಕ್ಷ್ಮಭೇದವನ್ನು ಕೈಯಿಂದ ಹೆಣೆದ ವಿಳಾಸಗಳು ಪಾಲಿಸುವುದು ವಿರಳ.

ಪೈಥಾನಿನ ‘ಯುಆರ್‌ಐಟೆಂಪ್ಲೇಟ್’, ರೂಬಿಯ ‘ಅಡ್ರೆಸಬಲ್’ ಮುಂತಾದ ಲೈಬ್ರರಿಗಳು ನಮೂನೆಯನ್ನೂ ಬೆಲೆಗಳನ್ನೂ ಸ್ವೀಕರಿಸಿ, ಶುದ್ಧವಾದ ವಿಳಾಸವನ್ನು ಹಿಂದಿರುಗಿಸುತ್ತವೆ. ಗಿಟ್‌ಹಬ್‌ನ ಎಪಿಐ ತನ್ನ ಉತ್ತರಗಳಲ್ಲಿಯೇ ಇಂತಹ ನಮೂನೆಗಳನ್ನು ಕಳುಹಿಸುವುದರಿಂದ, ಅದನ್ನು ಬಳಸುವವನು ವಿಳಾಸಗಳ ವಿನ್ಯಾಸವನ್ನು ಕಂಠಪಾಠ ಮಾಡಬೇಕಾಗಿಲ್ಲ.

ಆದರೂ ಲೈಬ್ರರಿಯು ವಿವೇಚನೆಯ ಸ್ಥಾನವನ್ನು ತುಂಬಲಾರದು. ಹೆಸರಿನ ಮುಂದೆ ಕೂಡುವ ಚಿಹ್ನೆಯಿದ್ದರೆ ಬೆಲೆಯಲ್ಲಿನ ಓರೆಗೆರೆ, ಪ್ರಶ್ನಾರ್ಥಕಗಳು ಮಾರ್ಪಡದೆ ಉಳಿಯುತ್ತವೆ. ಅಪರಿಚಿತನಾದ ಬಳಕೆದಾರನು ಬರೆದ ಪಠ್ಯವನ್ನು ಆ ದಾರಿಯಲ್ಲಿ ಬಿಟ್ಟರೆ ವಿಳಾಸದ ಸ್ವರೂಪವನ್ನೇ ಅವನ ಕೈಗೆ ಕೊಟ್ಟಂತಾಗುತ್ತದೆ. ಯಾವ ಬೆಲೆಗೆ ಯಾವ ಚಿಹ್ನೆ ಯುಕ್ತವೆಂಬುದನ್ನು ನಿರ್ಣಯಿಸಬೇಕಾದವನು ನಮೂನೆಯನ್ನು ಬರೆಯುವವನೇ.

ಆದುದರಿಂದ ತಂತ್ರಾಂಶವನ್ನು ರಚಿಸುವ ನಮ್ಮ ತರುಣತರುಣಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟು: ವಿಳಾಸಗಳನ್ನು ನಮೂನೆಯಿಂದಲೇ ಕಟ್ಟಿರಿ, ಮತ್ತು ಪರೀಕ್ಷಿಸುವಾಗ ಇಂಗ್ಲಿಷ್ ಪದಗಳೊಡನೆ ಒತ್ತಕ್ಷರಗಳಿಂದ ಕೂಡಿದ ಕನ್ನಡ ಪದಗಳನ್ನೂ ತಪ್ಪದೆ ಕೊಟ್ಟುನೋಡಿರಿ.