ನಾಲಿಗೆಯ ಲೆಕ್ಕ ನೀರಿಗೆ ಬಂದದ್ದು

ನದಿನೀರಿನಲ್ಲಿ ಕರಗಿರುವ ಸಾವಯವ ದ್ರವ್ಯದ ಬಗ್ಗೆ ಒಂದು ಪ್ರಬಂಧ ಓದುತ್ತಿದ್ದೆ. ಕೊನೆಯ ಆಕರಪಟ್ಟಿಯಲ್ಲಿ ಸಮುದ್ರದ, ಸರೋವರದ ಪತ್ರಿಕೆಗಳ ನಡುವೆ ಒಂದು ಸಾಲು ಕಣ್ಣಿಗೆ ಬಿತ್ತು: ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಧ್ವನಿವಿಜ್ಞಾನ ಕಾರ್ಯಪತ್ರಿಕೆ, ಸಂಚಿಕೆ 16, 1970. ಬರೆದವರು ರಿಚರ್ಡ್ ಹರ್ಷ್‌ಮನ್. ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. ಇನ್ನೊಂದು ಪ್ರಬಂಧ ತೆರೆದರೆ ಅಲ್ಲೂ ಅದೇ ಸಾಲು. ಸ್ವರ ವ್ಯಂಜನಗಳ ಪತ್ರಿಕೆಗೂ ಹೊಳೆಯ ನೀರಿಗೂ ಎಲ್ಲಿಯ ನಂಟು?

ತರಗೆಲೆಯ ಮೇಲೆ ಹರಿದು ಬಂದ ಮಳೆನೀರಿಗೆ ಹಳ್ಳ ಕಷಾಯದ ಬಣ್ಣಕ್ಕೆ ತಿರುಗುವುದನ್ನು ಮಲೆನಾಡಿನವರು ಕಂಡಿರುತ್ತಾರೆ. ಮಣ್ಣೆಲ್ಲ ತಳಕ್ಕೆ ಇಳಿದರೂ ಆ ಬಣ್ಣ ಉಳಿಯುತ್ತದೆ. ಎಲೆ, ಮಣ್ಣು, ಪಾಚಿ, ಊರಿನ ಚರಂಡಿ ಎಲ್ಲವೂ ನೀರಿಗೆ ತಮ್ಮ ಪಾಲು ಕರಗಿಸಿ ಬಿಟ್ಟಿರುತ್ತವೆ. ಅಂಥ ನೀರಿನ ಮೇಲೆ ಅತಿನೇರಳೆ ಬೆಳಕು ಬಿಟ್ಟರೆ ಅದು ಮಂದವಾಗಿ ನೀಲಿ ಹೊಳೆಯುತ್ತದೆ. ಇದೇ ಪ್ರತಿದೀಪ್ತಿ. 1852ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಕ್ವಿನೈನ್ ದ್ರಾವಣದ ಇಂಥದ್ದೇ ನೀಲಿಯನ್ನು ವಿವರಿಸಿ, ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ಅದಕ್ಕೆ ಫ್ಲೋರೆಸೆನ್ಸ್ ಎಂದು ಹೆಸರಿಟ್ಟರು. ನೀರಿನ ಹೊಳಪನ್ನು ಅಳೆಯಲು ಇಂದಿಗೂ ಬಳಸುವ ಅಳತೆಗೋಲುಗಳಲ್ಲಿ ಕ್ವಿನೈನ್ ಸಲ್ಫೇಟ್ ಒಂದು. ಜರ್ಮನಿಯ ಕುರ್ಟ್ ಕಾಲೆ ಸಮುದ್ರದ ನೀರಿಗೆ ಹಳದಿ ಛಾಯೆ ಕೊಡುವ ದ್ರವ್ಯಕ್ಕೆ ‘ಗೆಲ್ಬ್‌ಸ್ಟೋಫ್’, ಅಂದರೆ ಹಳದಿ ವಸ್ತು, ಎಂದು ಹೆಸರು ಕೊಟ್ಟವರು. ಬೋತ್ನಿಯಾ ಮತ್ತು ಫಿನ್‌ಲೆಂಡ್ ಕೊಲ್ಲಿಗಳ ನೀರಿನಲ್ಲಿ ಆ ಹಳದಿಯನ್ನೂ ಹೊಳಪನ್ನೂ ಒಟ್ಟಿಗಿಟ್ಟು ನೋಡಿ 1949ರಲ್ಲಿ ಬರೆದರು.

ಮುಂದಿನ ದಶಕಗಳನ್ನು ದಾಟಿಬಿಡೋಣ. 1990ರಲ್ಲಿ ಪೌಲಾ ಕೋಬಲ್ ಮತ್ತು ಸಂಗಡಿಗರು ಕಪ್ಪು ಸಮುದ್ರದ ನೀರಿನ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಒಂದೇ ಬಣ್ಣದ ಬೆಳಕಿನ ಬದಲು ಒಂದಾದ ಮೇಲೊಂದು ಹಲವು ಅಲೆಯುದ್ದದ ಬೆಳಕು ಬಿಟ್ಟು, ಪ್ರತಿ ಸಲವೂ ಹೊರಬರುವ ಬೆಳಕನ್ನೆಲ್ಲ ಅಳೆದರೆ ಗುಡ್ಡಬೆಟ್ಟಗಳ ನಕ್ಷೆಯಂಥದ್ದು ಸಿಗುತ್ತದೆ. ಆ ಗುಡ್ಡಗಳಿಗೆ ಕೋಬಲ್ 1996ರಲ್ಲಿ ಅಕ್ಷರಗಳನ್ನು ಕೊಟ್ಟರು. ‘ಎ’, ‘ಸಿ’ ಕೊಳೆತ ಎಲೆ ಮಣ್ಣಿನ ಬಗೆಯವು, ‘ಎಂ’ ಸಮುದ್ರದ್ದು, ‘ಬಿ’ ಮತ್ತು ‘ಟಿ’ ಪ್ರೋಟೀನಿನಂಥವು. 275 ನ್ಯಾನೊಮೀಟರ್ ಬೆಳಕು ಹೀರಿ 340ರ ಸುತ್ತ ಹೊಳೆಯುವ ‘ಟಿ’ ಎತ್ತರವಾಗಿದ್ದರೆ ಚರಂಡಿ ನೀರು ಸೇರಿರಬಹುದೆಂದು ಅನುಮಾನಿಸಬೇಕು. ತೊಡಕು ಇದ್ದದ್ದು ಬೇರೆ ಕಡೆ. ಗುಡ್ಡಗಳು ಒಂದರ ಮೇಲೊಂದು ಬಿದ್ದಿದ್ದವು. ಯಾವುದರ ಬುಡ ಎಲ್ಲಿದೆ, ಯಾರ ಪಾಲು ಎಷ್ಟು ಎಂದು ಕಣ್ಣಳತೆಯಲ್ಲಿ ಬಿಡಿಸಲಾಗುತ್ತಿರಲಿಲ್ಲ.

ಬಿಡಿಸುವ ದಾರಿ ಅಷ್ಟರಲ್ಲಾಗಲೇ ಇತ್ತು, ನಾಲಿಗೆಯ ಅಧ್ಯಯನದಲ್ಲಿ.

ಒಮ್ಮೆ ‘ಈ’ ಅನ್ನಿ, ಆಮೇಲೆ ‘ಊ’ ಅನ್ನಿ. ಮೊದಲನೆಯದಕ್ಕೆ ನಾಲಿಗೆಯ ಮುಂಭಾಗ ಮೇಲೇಳುತ್ತದೆ, ಎರಡನೆಯದಕ್ಕೆ ಹಿಂಭಾಗ. ಲಾಸ್ ಏಂಜಲಿಸ್‌ನ ಧ್ವನಿವಿಜ್ಞಾನ ಪ್ರಯೋಗಾಲಯ ಕಟ್ಟಿದ ಪೀಟರ್ ಲ್ಯಾಡಿಫೋಗೆಡ್ ಇಂಥ ಚಲನೆಗಳ ಬೆನ್ನು ಹತ್ತಿದ್ದವರು. ‘ಮೈ ಫೇರ್ ಲೇಡಿ’ ಚಿತ್ರಕ್ಕೆ ಸಲಹೆ ಕೊಟ್ಟ ಧ್ವನಿವಿಜ್ಞಾನಿ ಅವರೇ. ನಮ್ಮ ಪಕ್ಕದ ನೀಲಗಿರಿಯ ತೋಡ ಭಾಷೆಯ ಉಚ್ಚಾರಣೆಯನ್ನು ಅಭ್ಯಾಸ ಮಾಡಿದವರೂ ಅವರೇ. ಅವರೂ ಸಂಗಡಿಗರೂ, ಐದು ಜನ ಇಂಗ್ಲಿಷ್ ಭಾಷಿಕರು ಹತ್ತು ಸ್ವರಗಳನ್ನು ಉಚ್ಚರಿಸುವಾಗ ಎಕ್ಸ್‌ರೇ ಚಿತ್ರ ತೆಗೆದು, ನಾಲಿಗೆಯ ಆಕಾರವನ್ನು 13 ಕಡೆ ಅಳೆದರು. ಈ ಅಂಕಿಗಳ ರಾಶಿಯ ಹಿಂದೆ ನಾಲಿಗೆಯ ಮೂಲ ಚಲನೆಗಳು ಎಷ್ಟು?

ಒಬ್ಬನ ಅಳತೆ ಮಾತ್ರ ಕೈಯಲ್ಲಿದ್ದರೆ ಅದನ್ನು ಎಷ್ಟೋ ಬಗೆಯಲ್ಲಿ ಒಡೆಯಬಹುದು. ಎಲ್ಲ ಉತ್ತರವೂ ಸರಿಯಂತೆ ಕಾಣುತ್ತವೆ. ಐವರ ಅಳತೆಯನ್ನು ಒಟ್ಟಿಗೆ ಇಟ್ಟರೆ ಹಾಗಾಗುವುದಿಲ್ಲ. ಚಲನೆಗಳು ಎಲ್ಲರಿಗೂ ಅವೇ, ಒಬ್ಬೊಬ್ಬರು ಬಳಸುವ ಪ್ರಮಾಣ ಮಾತ್ರ ಬೇರೆ. ಆ ಏರುಪೇರಿಗೆಲ್ಲ ಹೊಂದುವ ಉತ್ತರ ಒಂದೇ ಒಂದು. ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ 1944ರಲ್ಲಿ ಮುಂದಿಟ್ಟಿದ್ದ ಈ ತತ್ವವನ್ನು ಹರ್ಷ್‌ಮನ್ 84 ಪುಟಗಳಲ್ಲಿ ಲೆಕ್ಕವಾಗಿಸಿ ‘ಪ್ಯಾರಾಫ್ಯಾಕ್’ ಎಂದು ಕರೆದರು. ಅದೇ ವರ್ಷ ಬೆಲ್ ಪ್ರಯೋಗಾಲಯದ ಕ್ಯಾರಲ್ ಮತ್ತು ಚಾಂಗ್ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದಿದ್ದರು. ನಾಲಿಗೆಯ ಉತ್ತರ 1977ರಲ್ಲಿ ಪ್ರಕಟವಾಯಿತು: ಮೂಲ ಚಲನೆ ಎರಡೇ. ಮುಂಭಾಗ ಏಳುವುದು, ಹಿಂಭಾಗ ಏಳುವುದು.

ನಾಲಿಗೆಯ ಬಿಂದು, ಸ್ವರ, ಮಾತಾಡಿದವರು ಎಂಬ ಮೂರರ ಜಾಗದಲ್ಲಿ ಹೀರಿದ ಬೆಳಕು, ಹೊಮ್ಮಿದ ಬೆಳಕು, ನೀರಿನ ಮಾದರಿ ಎಂದಿಟ್ಟು ನೋಡಿ. ಲೆಕ್ಕ ಅದೇ. ಆದರೆ ಅದು ನೀರಿಗೆ ನೇರವಾಗಿ ಬರಲಿಲ್ಲ, ಸಕ್ಕರೆಯ ಮೇಲೆ ಹಾದು ಬಂತು. ಕೋಪನ್‌ಹೇಗನ್‌ನ ಆಹಾರ ವಿಜ್ಞಾನಿ ರಾಸ್ಮುಸ್ ಬ್ರೋ 1997ರಲ್ಲಿ ರಸಾಯನಶಾಸ್ತ್ರದವರಿಗೆಂದು ಪ್ಯಾರಾಫ್ಯಾಕ್ ಪಾಠ ಬರೆದರು. ಕಾರ್ಖಾನೆಯ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಅದರ ಹೊಳಪನ್ನು ಬಿಡಿಸಿ ತೋರಿಸಿದರು. 2003ರಲ್ಲಿ ಕಾಲಿನ್ ಸ್ಟೆಡ್ಮನ್, ಮಾರ್ಕಾಗರ್ ಮತ್ತು ಬ್ರೋ ಡೆನ್ಮಾರ್ಕಿನ ಒಂದು ಅಳಿವೆ ಮತ್ತು ಅದಕ್ಕೆ ನೀರು ಹರಿಸುವ ಪ್ರದೇಶದ ಮಾದರಿಗಳನ್ನು ತೆಗೆದುಕೊಂಡರು. ಕಲಸಿಹೋಗಿದ್ದ ಹೊಳಪು ಕನಿಷ್ಠ ಐದು ಭಾಗವಾಗಿ ಬಿಡಿಸಿಕೊಂಡಿತು. ನಾಲ್ಕು ನೆಲದಿಂದ ಹರಿದು ಬಂದವು, ಒಂದು ಆ ನೀರಿನಲ್ಲೇ ಹುಟ್ಟಿದ್ದು.

ಈಗ ಜಗತ್ತಿನಾದ್ಯಂತ ನದಿ, ಕೆರೆ, ಕುಡಿಯುವ ನೀರಿನ ಅಧ್ಯಯನಗಳಲ್ಲಿ ಈ ಲೆಕ್ಕ ನಡೆಯುತ್ತದೆ. ನನಗೆ ಬೇಸರವಾಗುವುದು ಒಂದಕ್ಕೆ. ಆ 84 ಪುಟ ಬಂದದ್ದು ವಿಭಾಗವೊಂದು ತನ್ನವರ ಅರೆಬೆಂದ ಕೆಲಸವನ್ನೂ ಹಂಚಿಕೊಳ್ಳಲು ತಾನೇ ಅಚ್ಚು ಹಾಕಿಸುತ್ತಿದ್ದ ಸಂಚಿಕೆಯಲ್ಲಿ. ಇವತ್ತು ಸಂಶೋಧಕರ ಯೋಗ್ಯತೆಯನ್ನು ಪತ್ರಿಕೆಯ ದರ್ಜೆ ನೋಡಿ ಅಳೆಯುತ್ತೇವೆ. ಈ ತಕ್ಕಡಿಯಲ್ಲಿ ಹರ್ಷ್‌ಮನ್ನರ ಬರಹಕ್ಕೆ ಒಂದು ಅಂಕವೂ ಸಿಗುತ್ತಿರಲಿಲ್ಲ. ಭಾಷೆಯ ವಿಭಾಗದಿಂದ ನೀರಿಗೇನು ಲಾಭ ಎಂದು ಕೇಳುವವರ ಮುಂದೆ ಇಡಲು ನನ್ನ ಬಳಿ ಇದಕ್ಕಿಂತ ಗಟ್ಟಿ ಉದಾಹರಣೆ ಇಲ್ಲ.

ಹರ್ಷ್‌ಮನ್ 2008ರಲ್ಲಿ ತೀರಿಕೊಂಡರು. ನೀರಿನ ವಿದ್ಯಾರ್ಥಿಗಳಿಗೆ ಪ್ಯಾರಾಫ್ಯಾಕ್ ಕಲಿಸುವ ಸ್ಟೆಡ್ಮನ್ ಮತ್ತು ಬ್ರೋ ಅವರ ಪಾಠ ಪ್ರಕಟವಾದದ್ದೂ ಅದೇ ವರ್ಷ. ಧ್ವನಿವಿಜ್ಞಾನದ ಆ ಹಳೆಯ ಸಂಚಿಕೆ ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನೀರಿನ ಮಾದರಿ ಹಿಡಿದು ಪ್ರಯೋಗಾಲಯಕ್ಕೆ ಹೋಗುವವರು ಅದರ ಹೆಸರನ್ನು ಆಕರಪಟ್ಟಿಗೆ ಸೇರಿಸುವ ಮೊದಲು ಒಮ್ಮೆ ತೆರೆದು ಓದಲಿ.