ಊರು ಬದಲಿಸುವ ಬೆಳೆಗಾರರೂ ಅವರ ಕೋವಿಯೂ

ಅಡಿಕೆ ಮಂಡಿಯ ವ್ಯವಹಾರ ಮುಗಿಸಿ, ದುರ್ಗಿಗುಡಿಯ ಅಂಗಡಿಬೀದಿಯಲ್ಲಿ ಮನೆಗೆ ಬೇಕಾದುದನ್ನು ಕೊಂಡು, ಬಸ್ಸಿನ ಹೊತ್ತಾಗುವವರೆಗೆ ಹೋಟೆಲಿನಲ್ಲಿ ಕುಳಿತುಕೊಳ್ಳುವ ನಮ್ಮ ಸದಸ್ಯ ಬಾಂಧವರ ಮಾತು ಧಾರಣೆ, ಕೊಳೆರೋಗ, ಕೂಲಿಯಾಳು ಇವಿಷ್ಟನ್ನು ದಾಟಿದರೆ ಬಂದು ನಿಲ್ಲುವುದು ಮಂಗ ಮತ್ತು ಹಂದಿಯ ಕಾಟಕ್ಕೆ. ಅಲ್ಲಿಂದ ಕೋವಿಗೆ. ಕೋವಿಯ ವಿಷಯ ಬಂದಾಗ ಯಾರಾದರೊಬ್ಬರು ಹೇಳಿಯೇ ಹೇಳುವ ಮಾತೊಂದಿದೆ: “ಇಲ್ಲಿ ಲೈಸೆನ್ಸು, ರಿನ್ಯೂವಲ್ಲು, ಎಲೆಕ್ಷನ್ ಬಂತೆಂದರೆ ಠಾಣೆ. ಈ ರಗಳೆಯೆಲ್ಲ ಯಾಕೆ ಮಾರಾಯ್ರೆ? ಕೊಡಗಿನಲ್ಲಿ ಒಂದು ಕಾಫಿ ತೋಟ ತಗೊಂಡರೆ ಮುಗೀತು. ಅಲ್ಲಿ ಕೋವಿಗೆ ಲೈಸೆನ್ಸೇ ಬೇಡ.”

ಈ ಮಾತಿನಲ್ಲಿ ಅರ್ಧ ನಿಜವಿದೆ. ಆದರೆ ಉಳಿದರ್ಧವನ್ನು ತಿಳಿಯದೆ ಕೋವಿಯೊಡನೆ ಊರು ಬದಲಿಸಿದವರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಪರವಾನಗಿಯಿಲ್ಲದ ಕೋವಿಗೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ, ಮೇಲೆ ದಂಡ. ಹಂದಿ ತಿಂದ ಬೆಳೆ ಮುಂದಿನ ವರ್ಷ ಬಂದೀತು, ಕೋರ್ಟಿಗೆ ಅಲೆದ ವರ್ಷಗಳು ಬಾರವು. ಆದುದರಿಂದ ಈ ಸಂಚಿಕೆಯಲ್ಲಿ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಮೊದಲಿಗೆ ಒಂದು ಮೂಲಭೂತ ಸಂಗತಿ. ಅಮೆರಿಕದಲ್ಲಿ ಕೋವಿಯ ಕಾನೂನು ರಾಜ್ಯರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಬಿಗಿ, ಟೆಕ್ಸಾಸಿನಲ್ಲಿ ಸಡಿಲ. 2021ರಿಂದ ಟೆಕ್ಸಾಸಿನಲ್ಲಿ ಅರ್ಹ ವಯಸ್ಕರು ಪರವಾನಗಿಯಿಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಅಲ್ಲಿ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಈಗ ಇದೇ ರೀತಿ. ಹೀಗಾಗಿ ಕೋವಿಗೆ ಅನುಕೂಲವಾದ ರಾಜ್ಯವನ್ನು ಹುಡುಕಿಕೊಂಡು ಮನೆ ಬದಲಿಸುವವರು ಅಲ್ಲಿದ್ದಾರೆ. ನಮ್ಮಲ್ಲಿ ಆಯುಧ, ಬಂದೂಕು, ಮದ್ದುಗುಂಡು ಇವು ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 5ನೆಯ ಬಾಬ್ತು. 1959ರ ಆಯುಧ ಕಾಯಿದೆ ಮತ್ತು 2016ರ ಆಯುಧ ನಿಯಮಗಳು ಶಿವಮೊಗ್ಗಕ್ಕೂ ಒಂದೇ, ಕಾಸರಗೋಡಿಗೂ ಒಂದೇ, ಪಂಜಾಬಿಗೂ ಒಂದೇ. ಒಂದು ಜಿಲ್ಲೆಯಲ್ಲಿ ಅಧಿಕಾರಿಗಳು ಬೇಗ ಕೊಟ್ಟಾರು, ಇನ್ನೊಂದರಲ್ಲಿ ಕಡತ ಮೇಜಿನಿಂದ ಮೇಜಿಗೆ ತೆವಳೀತು. ಅದು ಕೊಡುವವರ ಮನೋಧರ್ಮದ ವ್ಯತ್ಯಾಸವೇ ಹೊರತು ಕಾನೂನಿನದಲ್ಲ.

ಹಾಗಾದರೆ ಕೊಡಗಿನ ಸಂಗತಿ ಏನು? 1857ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳುವ ಕಾನೂನು ಮಾಡಿದರು. ಮೈಸೂರು ಮತ್ತು ಕೊಡಗಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರವರಿಯಲ್ಲಿ, ತಾವು ನಿವೃತ್ತರಾಗುವ ಮುನ್ನ, ಕೊಡಗಿನವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟರು. ಸ್ವಾತಂತ್ರ್ಯಾನಂತರವೂ ಆ ವಿನಾಯಿತಿ ಉಳಿದು ಬಂತು. ಆಯುಧ ಕಾಯಿದೆಯ 41ನೆಯ ಕಲಮಿನನ್ವಯ ಕೇಂದ್ರ ಸರಕಾರ 1963ರಲ್ಲಿ ಅಧಿಸೂಚನೆ ಹೊರಡಿಸಿತು. 2019ರ ಅಕ್ಟೋಬರಿನಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಜಾತಿಯ ಆಧಾರದ ಮೇಲೆ ಇಂಥ ವಿನಾಯಿತಿ ಸರಿಯೇ ಎಂದು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು.

ಈ ವಿನಾಯಿತಿ ಇರುವುದು ಯಾರಿಗೆ ಎಂಬುದನ್ನು ಸದಸ್ಯರು ದಯಮಾಡಿ ಗಮನಿಸಬೇಕು. ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ, ಇಷ್ಟೇ. ರಾಜರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ಮನೆತನಗಳಿಗೆ ಬಂದ ಭೂಮಿ ಜಮ್ಮಾ. ಅದನ್ನು ಹಿಡಿದವರಲ್ಲಿ ಅರೆಭಾಷೆ ಗೌಡರೂ ಇತರರೂ ಇದ್ದಾರೆ. ಅಂದರೆ ವಿನಾಯಿತಿ ಅಂಟಿಕೊಂಡಿರುವುದು ಜನಕ್ಕೆ ಮತ್ತು ಆ ಹಿಡುವಳಿಗೆ, ಕೊಡಗಿನ ಮಣ್ಣಿಗಲ್ಲ. ತೀರ್ಥಹಳ್ಳಿಯ ಬೆಳೆಗಾರರೊಬ್ಬರು ಸೋಮವಾರಪೇಟೆಯಲ್ಲಿ ಜಮ್ಮಾ ಅಲ್ಲದ 10 ಎಕರೆ ಕಾಫಿ ತೋಟ ಕೊಂಡರೆಂದು ಇಟ್ಟುಕೊಳ್ಳೋಣ. ಅವರು ಅಲ್ಲಿಯೂ ಲೈಸೆನ್ಸುದಾರರೇ. ಪಕ್ಕದ ತೋಟದ ಕೊಡವರು ಪರವಾನಗಿಯಿಲ್ಲದ ತೋಟಾಕೋವಿ ಹಿಡಿದು ಗದ್ದೆಗೆ ಹೋಗುವುದನ್ನು ಕಂಡು ಇವರೂ ಹಾಗೆಯೇ ಮಾಡಿದರೆ, ಅವರದು ಹಕ್ಕು, ಇವರದು ಅಪರಾಧ. ವಿನಾಯಿತಿ ಇರುವವರು ಕೂಡ ಅದಕ್ಕೆ ಜಿಲ್ಲಾಧಿಕಾರಿಗಳಿಂದ ವಿನಾಯಿತಿ ಪತ್ರ ಪಡೆದಿರುತ್ತಾರೆ. ಕಾಗದವಿಲ್ಲದ ಕೋವಿ ಅಲ್ಲಿಯೂ ಇಲ್ಲ.

ಇದು ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಕೊಡವರ ಮನೆಯಲ್ಲಿ ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ವಾಡಿಕೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ. ಅದು ಮನೆತನದ ಸೊತ್ತು. ನಮ್ಮಲ್ಲಿ ಕೋವಿ ಬಂದದ್ದು ತೋಟ ಕಾಯಲಿಕ್ಕೆ. ಬೇರೆಯವರ ಹಬ್ಬವನ್ನು ನೋಡಿ ಸಂತೋಷಪಡಬೇಕೇ ಹೊರತು ಅವರ ಹಕ್ಕುಪತ್ರವನ್ನು ನಮ್ಮ ಹೆಸರಿಗೆ ಓದಿಕೊಳ್ಳಬಾರದು.

ಈಗ ಎದುರು ದಾರಿ. ಕೊಡಗಿನಿಂದ ನಮ್ಮ ಕಡೆಗೆ ಬಂದು ನೆಲೆಸುವ ಕುಟುಂಬಗಳಿವೆ. ಕೆಲಸಕ್ಕೆಂದು ಭದ್ರಾವತಿಗೂ, ಮದುವೆಯ ಸಂಬಂಧದಿಂದ ಶಿವಮೊಗ್ಗಕ್ಕೂ ಬರುವವರು ಇರುತ್ತಾರೆ. ಅವರ ವಿನಾಯಿತಿ ಜಿಲ್ಲೆಯ ಗಡಿಯಲ್ಲಿ ಕಳಚಿ ಬೀಳುವುದಿಲ್ಲ, ಆದರೆ ಅಳತೆಗೆ ಒಳಪಡುತ್ತದೆ. ಕೊಡಗಿನ ಹೊರಗೆ ವಾಸವಾಗಿರುವಾಗ ಅಥವಾ ಪ್ರಯಾಣದಲ್ಲಿರುವಾಗ ಒಂದು ರೈಫಲ್ ಮತ್ತು ಅದಕ್ಕೆ 100 ಗುಂಡು, ಒಂದು ನಯನಳಿಗೆಯ ಕೋವಿ ಮತ್ತು ಅದಕ್ಕೆ 500 ತೋಟಾ ಅಥವಾ ಅಷ್ಟಕ್ಕೆ ಸಮನಾದ ಮದ್ದುಚರೆ, ಇದಕ್ಕೆ ಮೀರಬಾರದೆಂದು 1963ರ ಅಧಿಸೂಚನೆಯಲ್ಲಿ ಗೊತ್ತುಪಡಿಸಿತ್ತು. ಅಂಥವರು ವಿನಾಯಿತಿ ಪತ್ರವನ್ನು ಮಡಿಕೇರಿಯ ಮನೆಯ ಪೆಟ್ಟಿಗೆಯಲ್ಲಿ ಬಿಟ್ಟು ಬರಬಾರದು. ನಮ್ಮ ಠಾಣೆಗಳಲ್ಲಿ ಇಂಥ ಪತ್ರ ನೋಡಿದವರು ಕಡಿಮೆ. ಬಂದ ವಾರದಲ್ಲಿಯೇ ತಾವಾಗಿ ಹೋಗಿ ತೋರಿಸಿದರೆ ಮುಂದಿನ ತಕರಾರು ತಪ್ಪುತ್ತದೆ.

ಇನ್ನೊಂದು ಆಸೆ ಕಾಸರಗೋಡಿನ ಕಡೆಯದು. ಬದಿಯಡ್ಕ, ಮುಳ್ಳೇರಿಯದಲ್ಲಿ ನೆಂಟರಿರುವ ಸದಸ್ಯರು “ಕೇರಳದಲ್ಲಿ ಪಂಚಾಯತಿನವರೇ ಹಂದಿ ಹೊಡೆಯಲು ಹೇಳುತ್ತಾರಂತೆ” ಎಂದು ತಿಳಿಸುತ್ತಾರೆ. ಇದು ನಿಜ. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಸ್ಥಾನ ಕೊಟ್ಟು, ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಿಸಲು ಅಪ್ಪಣೆ ಕೊಡುವ ಅಧಿಕಾರ ವಹಿಸಿತು. ವಿಷ, ಸಿಡಿಮದ್ದು, ವಿದ್ಯುತ್ತು ಕೂಡದು. ಹೊಡೆಯುವವರು ಲೈಸೆನ್ಸು ಇರುವ ಕೋವಿಯವರಾಗಿರಬೇಕು. ಇಲ್ಲಿ ಸಡಿಲವಾದದ್ದು ವನ್ಯಜೀವಿ ಕಾನೂನಿನ ಕೆಳಗೆ ಅಪ್ಪಣೆ ಕೊಡುವ ಕ್ರಮವೇ ಹೊರತು ಕೋವಿಯ ಕಾನೂನಲ್ಲ. ನಮ್ಮ ಹಂದಿಗೂ ಅದೇ 1972ರ ಕಾಯಿದೆ. 2023ರ ಏಪ್ರಿಲ್‌ನಿಂದ ಕಾಡುಹಂದಿ ಅದರ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯಕಾರಿಯೆಂದು 11ನೆಯ ಕಲಮಿನ ಕೆಳಗೆ ಅಪ್ಪಣೆಯಾದರೆ ಮಾತ್ರ ಹೊಡೆಯಬಹುದು. ಕೋವಿಯ ಲೈಸೆನ್ಸು ಈಡಿಗೆ ಅಪ್ಪಣೆಯಲ್ಲ. ಇದನ್ನು ನಾವು ಎಷ್ಟು ಸಲ ಬರೆದರೂ ಸಾಲದು. ಎಳೆ ಅಡಿಕೆ ಕಿತ್ತು ಬಿಸಾಡುವ ಮಂಗನ ಮೇಲೆ ಎಷ್ಟೇ ಸಿಟ್ಟಿರಲಿ, ಅದಕ್ಕೆ ಬೆದರು ಈಡಿಗಿಂತ ಮುಂದೆ ಹೋಗಬಾರದು. ಅಪ್ಪಣೆ ಕೊಡುವ ಅಧಿಕಾರವನ್ನು ನಮ್ಮಲ್ಲಿಯೂ ಬೆಳೆಗಾರನ ಸಮೀಪಕ್ಕೆ ತರಬೇಕೆಂಬುದು ನ್ಯಾಯವಾದ ಬೇಡಿಕೆ. ಅದನ್ನು ಸಂಘಗಳು ಒಟ್ಟಾಗಿ ಕೇಳಬೇಕು. ಅದಕ್ಕಾಗಿ ಗಡಿ ದಾಟಿ ತೋಟ ಹುಡುಕುವುದು ಮೂಗಿಗಿಂತ ಮೂಗುತಿ ಭಾರವಾದಂತೆ.

ಇಷ್ಟೆಲ್ಲ ಹೇಳಿದರೂ ನಮ್ಮ ಸದಸ್ಯರಲ್ಲಿ ಕೋವಿಯ ಅನುಕೂಲಕ್ಕಾಗಿ ಊರು ಬಿಟ್ಟವರು ಬೆರಳೆಣಿಕೆಯಷ್ಟೂ ಇರಲಾರರು. ನಿಜವಾಗಿ ನಡೆಯುತ್ತಿರುವುದು ಬೇರೆ. ಮಕ್ಕಳು ಬೆಂಗಳೂರಿನಲ್ಲಿ. ಇಲ್ಲಿ ಮಂಡಿ ನೋವು, ರಾತ್ರಿ ಹಂದಿ ಕಾಯಲು ಆಗದು, ಕೊನೆ ಕೊಯ್ಲಿಗೆ ಆಳಿಲ್ಲ. ತೋಟವನ್ನು ಗೇಣಿಗೋ ಚೇಣಿಗೋ ವಹಿಸಿ ಯಜಮಾನರೂ ಅಮ್ಮನವರೂ ಮಗನ ಮನೆಗೆ ಹೊರಡುತ್ತಾರೆ. ದನವನ್ನು ಯಾರಿಗೋ ಕೊಡುತ್ತಾರೆ, ದೇವರನ್ನು ಭಟ್ಟರಿಗೆ ಒಪ್ಪಿಸುತ್ತಾರೆ. ಗೋಡೆಯ ಮೇಲಿನ ಕೋವಿಯ ನೆನಪು ಆಗುವುದು ಲಾರಿ ಬಂದು ನಿಂತ ಮೇಲೆ.

ಆ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು, ಕೋವಿಯನ್ನು ತೋಟದ ರೈಟರಿಗೋ ಗೇಣಿಯವನಿಗೋ ಕೊಟ್ಟು “ನೋಡಿಕೋ” ಎನ್ನುವುದು. ಇದು ಸಲ್ಲದು. ಲೈಸೆನ್ಸುದಾರರ ಎದುರಿನಲ್ಲಿ, ಅಥವಾ ಅವರ ಲಿಖಿತ ಅಪ್ಪಣೆಯ ಮೇಲೆ ರಿಪೇರಿಗೋ ನವೀಕರಣಕ್ಕೋ ಅವರ ಉಪಯೋಗಕ್ಕೋ ಇನ್ನೊಬ್ಬರು ಕೋವಿ ಒಯ್ಯಬಹುದೆಂದು ಕಾಯಿದೆಯ 3ನೆಯ ಕಲಮು ಹೇಳುತ್ತದೆ. ಯಜಮಾನರು ಬೆಂಗಳೂರಿನಲ್ಲಿದ್ದು ರೈಟರು ತಿಂಗಳುಗಟ್ಟಲೆ ಕೋವಿ ಇಟ್ಟುಕೊಳ್ಳುವುದು ಇದರಲ್ಲಿ ಬರುವುದಿಲ್ಲ. ನಾಳೆ ಯಾವನೋ ಬೇಟೆಗಾರ ಆ ಕೋವಿಯಿಂದ ಮನುಷ್ಯನಿಗೇ ಈಡು ಹೊಡೆದರೆ ಮೊದಲು ಬಾಗಿಲು ತಟ್ಟುವುದು ಯಜಮಾನರದು. ಬೀಗ ಹಾಕಿದ ಮನೆಯಲ್ಲಿ ಬಿಟ್ಟುಹೋಗುವುದೂ ಅಷ್ಟೇ ಕೆಟ್ಟದ್ದು.

ಜೊತೆಯಲ್ಲಿ ಒಯ್ಯೋಣವೆಂದರೆ ಮೊದಲು ಲೈಸೆನ್ಸು ತೆರೆದು ಎರಡು ಸಂಗತಿ ನೋಡಬೇಕು. ಯಾವ ಕಾರಣಕ್ಕೆ ಕೊಟ್ಟದ್ದು, ಯಾವ ವ್ಯಾಪ್ತಿಗೆ ಕೊಟ್ಟದ್ದು. ಬೆಳೆಯ ನಿಜವಾದ ರಕ್ಷಣೆಗೆ ಬಾಯಿಮದ್ದಿನ ಕೋವಿ, ಅಂದರೆ ನಮ್ಮ ಕೇಪಿನ ಕೋವಿ, ಕೇಳಿದ ಪ್ರಜೆಯನ್ನು 13ನೆಯ ಕಲಮು ಹೆಸರಿಸಿಯೇ ಮಾನ್ಯಮಾಡಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬೇರೆ ನಯನಳಿಗೆಯ ಕೋವಿಯನ್ನೂ ಕೊಡಬಹುದು. ಬೆಳೆಗಾರನ ಬಗ್ಗೆ ಇಷ್ಟು ವಿಶ್ವಾಸವಿಟ್ಟು ಬರೆದ ಕಲಮುಗಳು ನಮ್ಮ ಕಾನೂನುಗಳಲ್ಲಿ ಬಹಳವಿಲ್ಲ. ಆದರೆ ಬೆಳೆರಕ್ಷಣೆಗೆಂದು ಪಡೆದ ಕೋವಿಯನ್ನು ಬಾಡಿಗೆಯ ಮೂರನೆಯ ಮಹಡಿಗೆ ಒಯ್ದರೆ ಅಲ್ಲಿ ಕಾಯಲು ಬೆಳೆಯೆಲ್ಲಿದೆ? ಕಾರಣ ಹೋದ ಮೇಲೆ ನವೀಕರಣದ ಹೊತ್ತಿಗೆ ಪ್ರಶ್ನೆ ಬಂದೇ ಬರುತ್ತದೆ. ಆತ್ಮರಕ್ಷಣೆಗೆಂದು ಪಡೆದವರ ಸ್ಥಿತಿ ಅಷ್ಟು ಬಿಕ್ಕಟ್ಟಿನದಲ್ಲ. ಅವರೂ ವ್ಯಾಪ್ತಿ ನೋಡಿಕೊಳ್ಳಬೇಕು. ಶಿವಮೊಗ್ಗ ಜಿಲ್ಲೆಗೆ ಮಾತ್ರ ಎಂದಿದ್ದರೆ, ಕೊಟ್ಟ ಕಚೇರಿಯಿಂದ ಮೊದಲು ವ್ಯಾಪ್ತಿ ವಿಸ್ತರಿಸಿಕೊಂಡು ಆಮೇಲೆ ಹೊರಡಬೇಕು.

ಹೋದ ಮೇಲೆ 30 ದಿನಗಳೊಳಗೆ ಹೊಸ ಊರಿನ ಪರವಾನಗಿ ಅಧಿಕಾರಿಗೂ ಹಳೆಯ ಅಧಿಕಾರಿಗೂ ವಿಳಾಸ ಬದಲಾದದ್ದನ್ನು ತಿಳಿಸಬೇಕು. ಶಿವಮೊಗ್ಗದಲ್ಲಿ ಆ ಅಧಿಕಾರಿ ಜಿಲ್ಲಾಧಿಕಾರಿಗಳು, ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರು. ಲೈಸೆನ್ಸಿಗೆ ಈಗ ರಾಷ್ಟ್ರೀಯ ದಾಖಲೆಯ ಯು.ಐ.ಎನ್. ಸಂಖ್ಯೆ ಇರಬೇಕು. ಹಳೆಯ ಪುಸ್ತಕದಲ್ಲಿ ಅದು ಇಲ್ಲದಿದ್ದರೆ ಇಲ್ಲಿರುವಾಗಲೇ ವಿಚಾರಿಸಿಕೊಳ್ಳಿ. ನಿಮ್ಮ ಕಡತ ಇರುವುದು ಇಲ್ಲಿ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿ ಮೂರರಿಂದ ಎರಡಕ್ಕೆ ಇಳಿದಿದೆ. ಅವಧಿ ದೀರ್ಘವಾದುದರಿಂದ ಮರೆವೂ ದೀರ್ಘವಾಗುವ ಭಯವಿದೆ. ಮುಗಿಯುವ ತಾರೀಕಿಗೆ 60 ದಿನ ಮೊದಲೇ ಅರ್ಜಿ ಹೋಗಿರಬೇಕು.

ನಮ್ಮ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ತೋಟ ಮಾಡುವ ಒಬ್ಬ ಮಗನೋ ಮಗಳೋ ಇದ್ದರೆ ಕೋವಿ ತೋಟ ಬಿಟ್ಟು ಹೋಗಬೇಕಾಗಿಲ್ಲ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರಲ್ಲಿ 25 ವರ್ಷದಿಂದ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸು ಕೇಳಬಹುದೆಂದು 2016ರ ನಿಯಮಗಳಲ್ಲಿದೆ. ಪಡೆಯುವವರು ಅರ್ಹರಾಗಿರಬೇಕು, ಸುರಕ್ಷಿತ ಬಳಕೆಯ ತರಬೇತಿ ಪಡೆದಿರಬೇಕು. ಸತ್ತ ಮೇಲೆ ನೋಡೋಣವೆಂದು ಬಿಟ್ಟ ಮನೆಗಳಲ್ಲಿ ಶ್ರಾದ್ಧದ ಓಡಾಟದ ನಡುವೆ ಕೋವಿಯ ಕಾಗದ ಹುಡುಕುವ ಪಾಡು ಎಂಥದೆಂದು ಅನೇಕರು ಬಲ್ಲರು. ಮುಂದುವರಿಸುವವರೇ ಇಲ್ಲದಿದ್ದರೆ ಲೈಸೆನ್ಸು ಇರುವ ಬಂದೂಕು ವ್ಯಾಪಾರಿಗೆ ಒಪ್ಪಿಸಿ ರಸೀದಿ ಪಡೆಯಬೇಕು, ಇಲ್ಲವೇ ಕ್ರಮಪ್ರಕಾರ ಮಾರಬೇಕು.

ಚುನಾವಣೆಯ ಮಾತು ಸಂಕ್ಷೇಪವಾಗಿ: ಎಲ್ಲರ ಕೋವಿಯನ್ನೂ ಒಟ್ಟಿಗೆ ಠಾಣೆಗೆ ತರಿಸಬೇಕೆಂದು ಚುನಾವಣಾ ಆಯೋಗ ಹೇಳುವುದಿಲ್ಲ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿದವರು ಇಂಥವರನ್ನು ಜಿಲ್ಲಾ ಪರಿಶೀಲನಾ ಸಮಿತಿ ನೋಡಿ ತೀರ್ಮಾನಿಸಬೇಕು. ಹಂದಿ ಹಾವಳಿಯ ತೋಟದವರು ವಿನಾಯಿತಿ ಕೋರಿ ಮನವಿ ಕೊಡಬಹುದು. ಆದರೆ ಆಗಷ್ಟೇ ಊರು ಬದಲಿಸಿ ವಿಳಾಸ ತಿದ್ದಿಸಿಕೊಳ್ಳದವರ ಮನವಿಗೆ ಬಲವಿರುವುದಿಲ್ಲ.

ಕೊನೆಯದಾಗಿ ಅಟ್ಟದ ಮೇಲಿನ ಕೋವಿ. ಹಳೆಯ ಮನೆ ಖಾಲಿ ಮಾಡುವಾಗ ಅಡಿಕೆ ಚೀಲ, ಮುರಿದ ತೊಟ್ಟಿಲುಗಳ ಹಿಂದೆ ಅಜ್ಜನ ಕಾಲದ ಕೇಪಿನ ಕೋವಿ, ಒಂದು ಕೊಂಬಿನಲ್ಲಿ ಗಟ್ಟಿಯಾದ ಮದ್ದು ಸಿಗುವುದುಂಟು. ಕಾಗದ ಯಾರಲ್ಲೂ ಇರುವುದಿಲ್ಲ. ನೆನಪಿಗೆಂದು ಅದನ್ನು ಸಾಮಾನಿನ ಲಾರಿಗೆ ಹಾಕಬೇಡಿ, ಬಾವಿಗೂ ಎಸೆಯಬೇಡಿ. ಒಳಗೆ ಮದ್ದು ತುಂಬಿಯೇ ಇದ್ದೀತು, ಆದುದರಿಂದ ಕುದುರೆ ಎಳೆದು ನೋಡುವುದೂ ಬೇಡ. ಇದ್ದಲ್ಲಿಯೇ ಬಿಟ್ಟು, ಪಂಚಾಯತಿ ಸದಸ್ಯರೊಬ್ಬರನ್ನು ಜೊತೆ ಮಾಡಿಕೊಂಡು ಠಾಣೆಗೆ ಹೋಗಿ ಬರಹದಲ್ಲಿ ತಿಳಿಸಿ. ಇಟ್ಟುಕೊಳ್ಳುವ ಅಧಿಕಾರವಿಲ್ಲದ ಆಯುಧವನ್ನು ಅನಾವಶ್ಯಕ ವಿಳಂಬವಿಲ್ಲದೆ ಠಾಣೆಗೆ ಒಪ್ಪಿಸಬೇಕೆಂದು 21ನೆಯ ಕಲಮು ಹೇಳುತ್ತದೆ. ಒಪ್ಪಿಸಿದ ರಸೀದಿಯನ್ನು ತೋಟದ ಪಹಣಿ ಇರುವ ಪೆಟ್ಟಿಗೆಯಲ್ಲಿಯೇ ಇಡಿ.