ಕೊಲ್ಹಾಪುರದಾಗ ಟ್ರ್ಯಾಕ್ಟರ್ ಅಗ್ಗ ಅಂತಾರಲ್ಲ, ಖರೇನಾ?

ಕಬ್ಬೂರ: ಕಬ್ಬು ಕಟಾವಿನ ಹಂಗಾಮು ಹತ್ತಿರ ಬಂತೆಂದರೆ ಇಲ್ಲಿನ ಚಹಾ ಅಂಗಡಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. 'ಚಿಕ್ಕೋಡಿಯಾಗ ಯಾಕ ತಗೋತೀಪಾ, ಕೊಲ್ಹಾಪುರಕ್ಕ ಹೋಗು, ಇಪ್ಪತ್ತು ಸಾವಿರ ಕಮ್ಮಿ ಆಗ್ತೈತಿ' ಅಂತ ಒಬ್ಬರು. ಇಲ್ಲ, ಮಿರಜ ಬರೋಬ್ಬರಿ ಅಂತ ಇನ್ನೊಬ್ಬರು. ಬೆಳಗಾವಿಯಲ್ಲಿ ಗುರುತಿನವರು ಇದ್ದಾರೆ ಅಂತ ಮೂರನೆಯವರು. ಅದೇ ಕಂಪನಿ, ಅದೇ ಮಾಡೆಲ್, ಅದೇ ಎಚ್‌ಪಿ. ಆದರೂ ಒಂದೇ ವಾರದಲ್ಲಿ ಮೂರು ಊರಿನ ಮೂರು ರೇಟು ಕೈಗೆ ಬರುತ್ತವೆ.

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ರೇಟಿನಲ್ಲಿ ಫರಕು ಇರುವುದು ಹೌದು. ಆದರೆ ಅದು ಈಗ ರಾಜ್ಯದ ಗಡಿಯಿಂದ ಬಂದ ಫರಕು ಅಲ್ಲ. ಶೋರೂಮಿನ ಬೋರ್ಡಿನ ಮೇಲೆ ಕಾಣುವ ರೇಟಿಗಿಂತ ಹೆಚ್ಚಿನ ಹಣ ಹೋಗುವುದು ಬೇರೆ ಕಡೆ, ಸಾಲದ ಕಾಗದದಲ್ಲಿ.

ತೆರಿಗೆ ಎರಡೂ ಕಡೆ ಒಂದೇ

ಗಡಿ ದಾಟಿದರೆ ಅಗ್ಗ ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 2017ರ ಜುಲೈ 1ಕ್ಕೆ ಮೊದಲು ರಾಜ್ಯಕ್ಕೊಂದು ವ್ಯಾಟ್ ಇತ್ತು, ಅದರ ಮೇಲೆ ಪ್ರವೇಶ ತೆರಿಗೆಯ ಲೆಕ್ಕ ಬೇರೆ. ಆಗ ನಿಪ್ಪಾಣಿ ದಾಟಿ ಕಾಗಲ್ ಮುಟ್ಟಿದರೆ ತೆರಿಗೆಯ ಲೆಕ್ಕವೇ ಬದಲಾಗುತ್ತಿತ್ತು. ಜಿಎಸ್‌ಟಿ ಬಂದ ಮೇಲೆ ದೇಶಕ್ಕೆಲ್ಲ ಒಂದೇ ದರ. ಕೃಷಿ ಟ್ರ್ಯಾಕ್ಟರಿಗೆ ಅದು ಶೇ 12 ಇತ್ತು; 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಐಜಿಎಸ್‌ಟಿ ಅಂತ ಒಂದೇ ಸಾಲು ಬರೆದರೂ, ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಅಂತ ಎರಡೂವರೆ ಎರಡೂವರೆ ಹೋಳು ಮಾಡಿದರೂ ಒಟ್ಟು ಶೇ 5 ಮಾತ್ರ.

ದರ ಇಳಿದಾಗ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಉಳಿತಾಯದ ಲೆಕ್ಕ ಹೇಳಿದ್ದರು. 35 ಎಚ್‌ಪಿಗೆ ಸುಮಾರು ₹41 ಸಾವಿರ, 45 ಎಚ್‌ಪಿಗೆ ₹45 ಸಾವಿರ, 50 ಎಚ್‌ಪಿಗೆ ₹53 ಸಾವಿರ, 75 ಎಚ್‌ಪಿಗೆ ₹63 ಸಾವಿರ. ಈ ಇಳಿಕೆ ತಮಗೆ ಮುಟ್ಟಿದೆಯೋ ಇಲ್ಲವೋ ಅಂತ ರೈತರೇ ನೋಡಿಕೊಳ್ಳಬಹುದು. ತೆರಿಗೆ ಹಾಕುವ ಮೊದಲಿನ ಬೆಲೆ ₹7 ಲಕ್ಷ ಇದ್ದರೆ ಹಳೆಯ ದರದಲ್ಲಿ ₹7.84 ಲಕ್ಷ ಆಗುತ್ತಿತ್ತು, ಈಗ ₹7.35 ಲಕ್ಷ. ಅಂದರೆ ₹49 ಸಾವಿರ ಉಳಿತಾಯ. ಬಿಲ್ಲಿನಲ್ಲಿ ನೋಡಬೇಕಾದ್ದು ಕೊನೆಯ ಮೊತ್ತವನ್ನಲ್ಲ, ತೆರಿಗೆಯ ಮೇಲಿನ ಸಾಲನ್ನು. ಆ ಮೂಲಬೆಲೆಯೇ ಏರಿದ್ದರೆ ತೆರಿಗೆ ಇಳಿದ ಲಾಭ ಅಲ್ಲೇ ಕರಗಿರುತ್ತದೆ.

ಎಂಆರ್‌ಪಿ ಇಲ್ಲದ ಮಾಲು

ಐದು ರೂಪಾಯಿಯ ಬಿಸ್ಕೀಟ್ ಪುಡಿಕೆಯ ಮೇಲೆ ಎಂಆರ್‌ಪಿ ಇರುತ್ತದೆ, ಎಂಟು ಲಕ್ಷದ ಟ್ರ್ಯಾಕ್ಟರ್ ಮೇಲೆ ಇರುವುದಿಲ್ಲ. ಕಂಪನಿ ಡೀಲರಿಗೆ ಒಂದು ಬೆಲೆಗೆ ಕೊಡುತ್ತದೆ, ಗಿರಾಕಿಗೆ ಹೇಳಬೇಕಾದ ಎಕ್ಸ್‌ಶೋರೂಮ್ ಬೆಲೆಯನ್ನೂ ಸೂಚಿಸುತ್ತದೆ. ಇವೆರಡರ ನಡುವಿನ ಅಂತರವೇ ಡೀಲರನ ಮಾರ್ಜಿನ್. ಅದರಲ್ಲಿ ಎಷ್ಟು ಬಿಟ್ಟುಕೊಡಬೇಕು ಅನ್ನುವುದು ಅವನ ಗರಜಿನ ಮೇಲೆ.

ಗರಜು ಯಾವಾಗ ಹುಟ್ಟುತ್ತದೆ? ತಿಂಗಳ ಕೊನೆಗೆ ಕಂಪನಿಯ ಟಾರ್ಗೆಟ್‌ಗೆ ಎರಡು ಗಾಡಿ ಕಮ್ಮಿ ಬಿದ್ದಾಗ. ಮಾರ್ಚ್ ಮುಗಿಯುವಾಗ. ಹಳೆಯ ಮಾಡೆಲ್ ಅಂಗಳದಲ್ಲಿ ಮಳೆಗೆ ನೆನೆಯುತ್ತ ನಿಂತು, ಅದರ ಮೇಲೆ ಬ್ಯಾಂಕಿನ ಬಡ್ಡಿ ಓಡುತ್ತಿದ್ದಾಗ. ದಸರಾ, ಪಾಡ್ಯದ ಮುಹೂರ್ತಕ್ಕೆ ಗಿರಾಕಿ ಹಾರ ಹಿಡಿದುಕೊಂಡೇ ಬಂದಾಗ ಮಾತ್ರ ಗರಜು ಅವನದಲ್ಲ, ಗಿರಾಕಿಯದು. ಕೊಲ್ಹಾಪುರದಲ್ಲಿ ಪಕ್ಕದ ಮನೆಯವನಿಗೆ ಇಪ್ಪತ್ತು ಸಾವಿರ ಬಿಟ್ಟಿದ್ದು ನಿಜವೇ ಇರಬಹುದು. ಆದರೆ ಅದು ಆ ದಿನದ ರಿಯಾಯಿತಿ, ಆ ಊರಿನ ಬೆಲೆಯಲ್ಲ.

ಸಾಗಾಟದ ಖರ್ಚೂ ಒಂದು ಕಾರಣ. ಜಾನ್ ಡಿಯರ್ ಪುಣೆ ಹತ್ತಿರದ ಸಣಸವಾಡಿಯಲ್ಲಿ ತಯಾರಾಗುತ್ತದೆ. ಮಹೀಂದ್ರಾದ ಒಂದು ಕಾರ್ಖಾನೆ ಬೀದರ ಗಡಿಯ ಆಚೆ ಜಹೀರಾಬಾದ್‌ನಲ್ಲಿದೆ, ಮ್ಯಾಸ್ಸಿ ತಯಾರಿಸುವ ಟಾಫೆಗೆ ದೊಡ್ಡಬಳ್ಳಾಪುರದಲ್ಲೇ ಘಟಕ ಇದೆ. ಸ್ವರಾಜ್ ಮೊಹಾಲಿಯಿಂದ, ಸೋನಾಲಿಕಾ ಹೋಶಿಯಾರ್‌ಪುರದಿಂದ ಲಾರಿ ಏರಬೇಕು. ಪಂಜಾಬಿನ ರೈತ ಹೇಳುವ ರೇಟನ್ನು ಮೊಬೈಲಿನಲ್ಲಿ ನೋಡಿ ಇಲ್ಲಿ ಜಗಳಕ್ಕಿಳಿಯುವವರು ಈ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಕೊಲ್ಹಾಪುರಕ್ಕೂ ಚಿಕ್ಕೋಡಿಗೂ ನಡುವೆ ಸಾಗಾಟದಿಂದ ದೊಡ್ಡ ಫರಕು ಬೀಳುವ ಮಾತೇ ಇಲ್ಲ.

ಇನ್ನೊಂದು ಫರಕು ಎಚ್‌ಪಿಯಲ್ಲಿ ಅಡಗಿದೆ. 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಟ್ರ್ಯಾಕ್ಟರಿಗೆ ಟ್ರೆಮ್–4 ಹೊಗೆ ನಿಯಮ ಬಂತು, ಎಂಜಿನ್ ತುಟ್ಟಿಯಾಯಿತು. ಜೋಡಿ ಟ್ರೇಲರ್ ಎಳೆಯಲು 49 ಬೇಕೋ, 52 ಬೇಕೋ ಅಂತ ನಿಂತವರಿಗೆ ಮೂರು ಎಚ್‌ಪಿಗೆ ಇಷ್ಟು ಅಂತರ ಯಾಕೆ ಅನ್ನಿಸಲು ಇದೇ ಕಾರಣ. ಎರಡು ಊರಿನ ರೇಟು ತಾಳೆ ನೋಡುವಾಗ ಮಾಡೆಲ್ ಹೆಸರಿನ ಕೊನೆಯ ಅಕ್ಷರವೂ ಒಂದೇ ಇದೆಯಾ ಅಂತ ಓದಬೇಕು. ಪವರ್ ಸ್ಟಿಯರಿಂಗ್, ಟಾಯರ್ ಸೈಜ್, ತಯಾರಾದ ವರ್ಷ ಇವೂ ಬೆಲೆ ಬದಲಿಸುತ್ತವೆ.

ಹತ್ತು ಸಾವಿರ ಬಿಟ್ಟು ಒಂದು ಲಕ್ಷ ಕೊಟ್ಟ ಕಥೆ

ಈ ಭಾಗದಲ್ಲಿ ರೊಕ್ಕ ಎಣಿಸಿ ಟ್ರ್ಯಾಕ್ಟರ್ ತರುವವರು ಕಡಿಮೆ. ಸಾಲ ಮಾಡಿಯೇ ತರುತ್ತಾರೆ, ಆರು ತಿಂಗಳಿಗೊಂದು ಕಂತು. ಸಾಲ ಕೊಡಿಸಿದ ಡೀಲರಿಗೆ ಫೈನಾನ್ಸ್ ಕಂಪನಿಯಿಂದ ಕಮಿಷನ್ ಬರುವುದುಂಟು. ಹಾಗಾಗಿ ಗಾಡಿಯ ಬೆಲೆಯಲ್ಲಿ ಬಿಟ್ಟದ್ದನ್ನು ಸಾಲದಲ್ಲಿ ಹಿಂದಕ್ಕೆ ಪಡೆಯುವ ದಾರಿ ಅವನಿಗೆ ಇದೆ.

ಲೆಕ್ಕ ಹೀಗೆ. ₹6 ಲಕ್ಷ ಸಾಲ, ಐದು ವರ್ಷ, ಹತ್ತು ಕಂತು, 'ಬಡ್ಡಿ ಒಂಬತ್ತೇ ರೀ' ಅಂತ ಹೇಳಿದರು ಅಂದುಕೊಳ್ಳಿ. ಅದು ಫ್ಲ್ಯಾಟ್ ಬಡ್ಡಿ ಆಗಿದ್ದರೆ ವರ್ಷಕ್ಕೆ ₹54 ಸಾವಿರದಂತೆ ಐದು ವರ್ಷಕ್ಕೆ ₹2.70 ಲಕ್ಷ ಬಡ್ಡಿ, ಕಂತು ₹87 ಸಾವಿರ. ಅರ್ಧ ಅಸಲು ತೀರಿದ ಮೇಲೂ ಬಡ್ಡಿ ಪೂರ್ತಿ ಆರು ಲಕ್ಷದ ಮೇಲೆಯೇ ಓಡುತ್ತಿರುತ್ತದೆ. ಅದೇ ಒಂಬತ್ತು ಉಳಿದ ಅಸಲಿನ ಮೇಲೆ ಮಾತ್ರ ಬಿದ್ದರೆ ಕಂತು ಸುಮಾರು ₹75,800, ಒಟ್ಟು ಬಡ್ಡಿ ಸುಮಾರು ₹1.58 ಲಕ್ಷ. ಎರಡಕ್ಕೂ ಬಾಯಲ್ಲಿ ಹೇಳುವುದು 'ಒಂಬತ್ತು' ಅಂತಲೇ. ಕೈಯಿಂದ ಹೋಗುವ ಅಂತರ ₹1.11 ಲಕ್ಷಕ್ಕೂ ಹೆಚ್ಚು. ಫ್ಲ್ಯಾಟ್ ಒಂಬತ್ತನ್ನು ಉಳಿದ ಅಸಲಿನ ಲೆಕ್ಕಕ್ಕೆ ತಿರುಗಿಸಿದರೆ ಅದು ಶೇ 14.8ರ ಹತ್ತಿರ ನಿಲ್ಲುತ್ತದೆ.

ಇದನ್ನು ಕಬ್ಬಿನಲ್ಲಿ ಅಳೆದರೆ ಇನ್ನೂ ಸ್ಪಷ್ಟ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಗೆ ಕೂತು ಹೋರಾಡಿದ ಮೇಲೆ ಸರ್ಕಾರ ಹೇಳಿದ ದರ ಟನ್ನಿಗೆ ₹3,300. ಅದೇ ದರ ಹಿಡಿದರೆ ಈ ಅಂತರ ಸುಮಾರು 34 ಟನ್ ಕಬ್ಬು. ನೂರು ರೂಪಾಯಿ ಏರಿಕೆಗೆ ರಸ್ತೆಯಲ್ಲಿ ರಾತ್ರಿ ಕಳೆದ ರೈತ, ಶೋರೂಮಿನ ಎಸಿಯಲ್ಲಿ ಹತ್ತು ನಿಮಿಷದ ಸಹಿಗೆ ಅಷ್ಟನ್ನು ಬಿಟ್ಟು ಬರುತ್ತಾನೆ. ಮೇಲಾಗಿ ಕಂತಿನ ತಾರೀಖು ಕಾಯುವುದಿಲ್ಲ. ಕಬ್ಬು ಕಳಿಸಿ 14 ದಿನದೊಳಗೆ ಬಿಲ್ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ ತಡವಾಗಿ ಕಂತು ತಪ್ಪಿದರೆ ದಂಡ ಮಾತ್ರ ರೈತನ ತಲೆಗೆ. ಹಾಗಾಗಿ ಕಂತಿನ ತಿಂಗಳನ್ನು ಡೀಲರ್ ಬರೆದಂತೆ ಒಪ್ಪದೆ, ತಮ್ಮ ಬಿಲ್ ಬರುವ ತಿಂಗಳಿಗೆ ಹೊಂದಿಸಿ ಕೇಳುವುದು ಒಳ್ಳೆಯದು.

ಬಾಯಿಮಾತಿನ ಬಡ್ಡಿಗೆ ಈಗ ಒಂದು ಮದ್ದು ಇದೆ. 2024ರ ಅಕ್ಟೋಬರ್ 1ರಿಂದ ರಿಟೇಲ್ ಸಾಲಗಳಿಗೆ ಬ್ಯಾಂಕ್ ಮತ್ತು ಫೈನಾನ್ಸ್ ಕಂಪನಿಗಳು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಹಾಳೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತದೆ. ಪ್ರೊಸೆಸಿಂಗ್ ಫೀ ಕೂಡ ಸೇರಿಸಿದ ನಿಜವಾದ ವಾರ್ಷಿಕ ಖರ್ಚು ಅದು. ಎರಡು ಸಾಲ ತಾಳೆ ನೋಡಲು ಆ ಒಂದು ಅಂಕಿ ಸಾಕು. ಸಹಿ ಮಾಡುವ ಮೊದಲು ಕೇಳಬೇಕು, ಗಾಡಿ ಮನೆಗೆ ಬಂದ ಮೇಲಲ್ಲ.

ಶೋರೂಮಿಗೆ ಹೋಗುವ ಮೊದಲು ಪಿಕೆಪಿಎಸ್ ಅಥವಾ ಪಿಎಲ್‌ಡಿ ಬ್ಯಾಂಕಿನ ಮೆಟ್ಟಿಲು ಹತ್ತುವುದೂ ಲಾಭವೇ. ಸಹಕಾರ ಸಂಘಗಳ ಮಧ್ಯಮ ಮತ್ತು ದೀರ್ಘಾವಧಿ ಕೃಷಿ ಸಾಲಕ್ಕೆ ರಾಜ್ಯ ಸರ್ಕಾರದ ಶೇ 3ರ ಬಡ್ಡಿ ಯೋಜನೆ ಇದೆ. ಅದರ ಮಿತಿಯನ್ನು 2023–24ರ ಬಜೆಟ್‌ನಲ್ಲಿ ₹15 ಲಕ್ಷಕ್ಕೆ ಏರಿಸಲಾಗಿತ್ತು. ಮೇಲಿನ ಅದೇ ₹6 ಲಕ್ಷ ಶೇ 3ಕ್ಕೆ ಸಿಕ್ಕರೆ ಐದು ವರ್ಷದ ಬಡ್ಡಿ ₹51 ಸಾವಿರದ ಒಳಗೆ. ಕಾಗದಪತ್ರಕ್ಕೆ ಓಡಾಟ ಇದೆ, ಸರದಿ ಇದೆ, ಜಮೀನಿನ ಬೋಜಾ ಇದೆ. ಶೋರೂಮಿನಲ್ಲಿ ಸಂಜೆಯೊಳಗೆ ಗಾಡಿ ಸಿಗುತ್ತದೆ. ಆ ಅವಸರದ ಬೆಲೆ ಎರಡು ಲಕ್ಷ ಅಂತ ಗೊತ್ತಿದ್ದು ಕೊಡುವುದು ಬೇರೆ, ಗೊತ್ತಿಲ್ಲದೆ ಕೊಡುವುದು ಬೇರೆ.

ಗಡಿ ದಾಟಿದರೆ ಬರುವ ಖರ್ಚು

ಕೊಲ್ಹಾಪುರದಲ್ಲಿ ಕೊಂಡರೂ ಗಾಡಿ ದುಡಿಯುವುದು ಕಬ್ಬೂರಿನ ಹೊಲದಲ್ಲಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾಲೀಕ ಇರುವ ರಾಜ್ಯದಲ್ಲಿ, ಇಲ್ಲವೇ ಗಾಡಿ ನಿಲ್ಲುವ ರಾಜ್ಯದಲ್ಲಿ ನೋಂದಣಿ ಆಗಬೇಕು. ಹಾಗಾಗಿ ಅಲ್ಲಿಂದ ತಾತ್ಕಾಲಿಕ ನಂಬರ್ ಹಾಕಿಸಿ ತಂದು ಚಿಕ್ಕೋಡಿ ಆರ್‌ಟಿಒದಲ್ಲಿ ಕೆಎ–23 ಮಾಡಿಸಬೇಕು. ಈ ಓಡಾಟವನ್ನು ಯಾರು ಮಾಡುತ್ತಾರೆ, ಯಾರು ಖರ್ಚು ಹಾಕುತ್ತಾರೆ ಎಂಬುದನ್ನು ರೇಟು ಮುರಿಯುವಾಗಲೇ ಬರೆಸಿಕೊಳ್ಳದಿದ್ದರೆ ಉಳಿದ ಇಪ್ಪತ್ತು ಸಾವಿರದಲ್ಲಿ ಒಂದು ಭಾಗ ಅಲ್ಲೇ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಜೋಕೆ. ಎಂಎಚ್–09, ಎಂಎಚ್–10 ನಂಬರಿನ ಹಳೆಯ ಟ್ರ್ಯಾಕ್ಟರ್ ಅಗ್ಗಕ್ಕೆ ಸಿಗುತ್ತವೆ. ಅಲ್ಲಿನ ಆರ್‌ಟಿಒದ ಎನ್‌ಒಸಿ, ಸಾಲ ಇದ್ದರೆ ಬ್ಯಾಂಕ್ ಸಹಿ ಹಾಕಿದ ಫಾರ್ಮ್ 35 ಕೈಗೆ ಬರದೆ ಪೂರ್ತಿ ಹಣ ಕೊಡಬಾರದು. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಉಳಿದರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಹೆಸರು ಬದಲಾಗದ ಗಾಡಿಯಿಂದ ಕಾರ್ಖಾನೆ ದಾರಿಯಲ್ಲಿ ಅಪಘಾತವಾದರೆ ಹಳೆಯ ಮಾಲೀಕ, ಹೊಸ ಮಾಲೀಕ, ವಿಮೆ ಕಂಪನಿ ಮೂವರೂ ಕೋರ್ಟಿನಲ್ಲಿ. ಟ್ರೇಲರಿಗೆ ಬೇರೆ ನೋಂದಣಿ, ವಿಮೆಯಲ್ಲೂ ಅದರ ಹೆಸರು ಇರಬೇಕು ಎಂಬುದನ್ನು ಹಂಗಾಮಿನಲ್ಲಿ ಬಹಳ ಜನ ಮರೆಯುತ್ತಾರೆ.

ಮಿನಿ ಟ್ರ್ಯಾಕ್ಟರ್, ರೋಟಾವೇಟರ್‌ಗೆ ಕೃಷಿ ಇಲಾಖೆಯ ಸಬ್ಸಿಡಿ ಬೇಕಿದ್ದವರು ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಿ, ಇಲಾಖೆ ಒಪ್ಪಿದ ಕಂಪನಿಯ ಮಾಲನ್ನೇ ತರಬೇಕು. ಮೊದಲು ಆಚೆ ಕೊಂಡು ಆಮೇಲೆ ಬಿಲ್ ತೋರಿಸಿದರೆ ಆಗುವುದಿಲ್ಲ.

ಕೊಟೇಶನ್ ಕೇಳುವ ರೀತಿ

ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದರೆ ಒಂದೇ ಅಂಕಿ ಸಿಗುತ್ತದೆ. ಬಿಡಿಸಿ ಕೇಳಿದರೆ ಮೂಲಬೆಲೆ, ಜಿಎಸ್‌ಟಿ, ನೋಂದಣಿ, ವಿಮೆ, ಹಿಚ್–ಬಂಪರ್–ಹುಡ್ ಬೇರೆಬೇರೆಯಾಗಿ ಹೊರಬೀಳುತ್ತವೆ. 'ಹ್ಯಾಂಡ್ಲಿಂಗ್ ಚಾರ್ಜ್' ಎಂಬ ಸಾಲು ಕಂಡರೆ ಅದು ಯಾತಕ್ಕೆ ಅಂತ ಕೇಳಲು ಸಂಕೋಚ ಬೇಡ. ವಿಮೆ ಶೋರೂಮಿನಲ್ಲೇ ತಗೋಬೇಕು ಅಂತ ಒತ್ತಾಯಿಸುವಂತಿಲ್ಲ. ಐಆರ್‌ಡಿಎಐ 2017ರಲ್ಲೇ ಈ ಬಗ್ಗೆ ಮಾರ್ಗಸೂಚಿ ಮಾಡಿದೆ. ಹಳೆಯ ಟ್ರ್ಯಾಕ್ಟರ್ ಎಕ್ಸ್‌ಚೇಂಜ್ ಕೊಡುವವರು ಮೊದಲು ಸಂತೆಯಲ್ಲಿ ಅದರ ಬೆಲೆ ಕಟ್ಟಿಸಿಕೊಂಡು ಹೋಗಬೇಕು. ಹೊಸದರಲ್ಲಿ ಹದಿನೈದು ಸಾವಿರ ಬಿಟ್ಟು, ಹಳೆಯದರಲ್ಲಿ ನಲವತ್ತು ಸಾವಿರ ಮುರಿದರೆ ಬೋರ್ಡಿನ ಮೇಲೆ ಅದೂ ರಿಯಾಯಿತಿ ಅಂತಲೇ ಕಾಣುತ್ತದೆ.

ಬಿಡಿಭಾಗದ ಅಂಗಡಿಯವರಿಗೂ ಈ ಬದಲಾವಣೆಯಲ್ಲಿ ಪಾಲು ಇದೆ. ಟ್ರ್ಯಾಕ್ಟರಿನ ಟಾಯರ್, ಟ್ಯೂಬ್ ಮತ್ತು ಪಟ್ಟಿಯಲ್ಲಿರುವ ಭಾಗಗಳು ಶೇ 18ರಿಂದ ಶೇ 5ಕ್ಕೆ ಬಂದಿವೆ. ತೆರಿಗೆ ಮೊದಲು ₹20 ಸಾವಿರ ಇದ್ದ ಟಾಯರ್ ₹23,600ರಿಂದ ₹21 ಸಾವಿರಕ್ಕೆ ಇಳಿಯಬೇಕು. ಬ್ಯಾಟರಿ 28ರಿಂದ 18ಕ್ಕೆ ಬಂದಿದೆ, ಎಂಜಿನ್ ಆಯಿಲ್ ಮತ್ತು ಬೇರಿಂಗ್ ಇನ್ನೂ 18ರಲ್ಲೇ ಇವೆ. ಎಲ್ಲ ಅಗ್ಗವಾಯಿತಲ್ಲ ಅಂತ ಗಿರಾಕಿ ಜಗಳ ತೆಗೆದಾಗ, ಸಾಮಾನು ಸಾಮಾನಿಗೆ ದರ ಬರೆದ ಬಿಲ್ ಒಂದೇ ಅಂಗಡಿಯವರ ಉತ್ತರ.

ಮೋಸ ಆಗಿದೆ ಅನಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗಾಡಿ ಕೊಲ್ಹಾಪುರದಲ್ಲೋ ಸಾಂಗಲಿಯಲ್ಲೋ ಕೊಂಡಿದ್ದರೂ ದೂರು ಕೊಡಲು ಅಲ್ಲಿಗೆ ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಬೆಳಗಾವಿಯಲ್ಲೇ, ದಾವೆ ಹೂಡಬಹುದು. ಐದರಿಂದ ಹತ್ತು ಲಕ್ಷದವರೆಗಿನ ಮಾಲಿಗೆ ಶುಲ್ಕ ₹200. ಜೊತೆಗೆ ಬೇಕಾದ್ದು ಜಿಎಸ್‌ಟಿ ಬಿಲ್, ಸಹಿ ಇರುವ ಕೊಟೇಶನ್ ಮತ್ತು ಹಣ ಕೊಟ್ಟ ರಸೀದಿ.